ಯಂತ್ರ ಕೊಳ್ಳುವ ಮೊದಲು ಅದನ್ನು ಅಳೆಯುವವರನ್ನು ತಯಾರು ಮಾಡಿ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ ಹಾಗೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಗಳಿಗೆ,

ನಮಸ್ಕಾರಗಳು.

ರಾಜ್ಯದ ಒಂದು ಆಸ್ಪತ್ರೆಯ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ವೈದ್ಯಕೀಯ ಭೌತವಿಜ್ಞಾನಿಯಾಗಿ ಕೆಲಸ ಮಾಡುತ್ತಿದ್ದೇನೆ. ಜನ ‘ಕರೆಂಟ್ ಕೊಡುವುದು’ ಎಂದು ಕರೆಯುವ ಚಿಕಿತ್ಸೆ ನಮ್ಮದು. ಯಾವ ರೋಗಿಗೆ ಎಷ್ಟು ವಿಕಿರಣ ಬೇಕೆಂದು ನಿರ್ಧರಿಸುವವರು ವೈದ್ಯರು. ರೋಗಿಯನ್ನು ಮಲಗಿಸಿ ಯಂತ್ರ ನಡೆಸುವವರು ತಂತ್ರಜ್ಞರು. ವೈದ್ಯರು ಬರೆದ ಡೋಸ್ ಮತ್ತು ಯಂತ್ರ ಕೊಡುವ ಡೋಸ್ ಒಂದೇ ಎಂದು ಅಳೆದು, ಲೆಕ್ಕ ಹಾಕಿ, ಸಹಿ ಮಾಡುವ ಹೊಣೆ ನಮ್ಮದು. ಆ ಸಹಿ ಹಾಕುವವರನ್ನು ಈ ರಾಜ್ಯ ಹೇಗೆ ತಯಾರು ಮಾಡುತ್ತಿದೆ ಎಂಬುದರ ಬಗ್ಗೆ ಈ ಪತ್ರ.

ಕ್ಯಾನ್ಸರ್ ಚಿಕಿತ್ಸೆ ಬೆಂಗಳೂರಿಗೆ ಸೀಮಿತವಾಗಬಾರದು, ಕಲಬುರಗಿಯವರು ಕಲಬುರಗಿಯಲ್ಲೇ, ಹುಬ್ಬಳ್ಳಿಯವರು ಹುಬ್ಬಳ್ಳಿಯಲ್ಲೇ ಚಿಕಿತ್ಸೆ ಪಡೆಯಬೇಕು ಎಂಬುದು ಸರಿಯಾದ ಆಸೆ. ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವ ಚಿಕಿತ್ಸೆ ಇದು. ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು ದೂರದ ಊರಿನ ಛತ್ರದಲ್ಲಿ ಅಷ್ಟು ದಿನ ಕಳೆಯುವವರ ಕಷ್ಟವನ್ನು ನಾವು ದಿನವೂ ನೋಡುತ್ತೇವೆ. ಯಂತ್ರಗಳು ಜಿಲ್ಲೆಗಳಿಗೆ ಹೋಗಲೇಬೇಕು. ಆದರೆ ಹೊಸ ಕೇಂದ್ರದ ಮಾತು ಬಂದಾಗಲೆಲ್ಲ ಕಟ್ಟಡ, ಬಂಕರ್ (ವಿಕಿರಣ ಹೊರಹೋಗದಂತೆ ತಡೆಯುವ ದಪ್ಪ ಗೋಡೆಯ ಕೋಣೆ), ಟೆಂಡರ್, ಉದ್ಘಾಟನೆಗಳ ಬಗ್ಗೆ ಕೇಳಿದ್ದೇನೆ. ಅಲ್ಲಿ ಭೌತವಿಜ್ಞಾನಿಯಾಗಿ ಕೂರುವವರು ಯಾರು, ಅವರು ಎಲ್ಲಿ, ಯಾರ ಕೈಕೆಳಗೆ ಕಲಿತರು ಎಂಬ ಪ್ರಶ್ನೆ ಆ ಸಭೆಗಳಲ್ಲಿ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಕಾನೂನು ಮಾತ್ರ ಈ ಪ್ರಶ್ನೆಯನ್ನು ಮೊದಲೇ ಕೇಳುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ಅನುಮತಿ ಇಲ್ಲದೆ ಯಾವ ವಿಕಿರಣ ಚಿಕಿತ್ಸಾ ಯಂತ್ರವೂ ರೋಗಿಯ ಮೇಲೆ ನಡೆಯುವಂತಿಲ್ಲ. ಅರ್ಹ ಭೌತವಿಜ್ಞಾನಿ ಮತ್ತು ಮಂಡಳಿ ಒಪ್ಪಿದ ವಿಕಿರಣ ಸುರಕ್ಷತಾ ಅಧಿಕಾರಿ ಇಲ್ಲದಿದ್ದರೆ ಆ ಅನುಮತಿ ಸಿಗುವುದಿಲ್ಲ. ಅರ್ಹತೆ ಏನೆಂಬುದೂ ಸ್ಪಷ್ಟವಾಗಿದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಅದರ ಮೇಲೆ ವಿಕಿರಣ ಭೌತವಿಜ್ಞಾನದ ಡಿಪ್ಲೊಮಾ ಮಾಡಿರಬೇಕು, ಇಲ್ಲವೇ ನೇರವಾಗಿ ವೈದ್ಯಕೀಯ ಭೌತವಿಜ್ಞಾನದಲ್ಲೇ ಎಂ.ಎಸ್ಸಿ. ಪಡೆದಿರಬೇಕು. ಎರಡೂ ದಾರಿಗಳಲ್ಲಿ ಕೊನೆಗೆ ಸುಸಜ್ಜಿತ ವಿಕಿರಣ ಚಿಕಿತ್ಸಾ ವಿಭಾಗವೊಂದರಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ಡಿಪ್ಲೊಮಾ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಮುಂಬೈಯ ಟ್ರಾಂಬೆಯಲ್ಲಿ 1962ರಲ್ಲೇ ಆರಂಭಿಸಿದ್ದು. ದೇಶದ ಹಿರಿಯ ಭೌತವಿಜ್ಞಾನಿಗಳಲ್ಲಿ ಅನೇಕರು ಆ ಕೋರ್ಸಿನಿಂದ ಬಂದವರು. ನಮ್ಮಲ್ಲೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ, ಮಣಿಪಾಲದಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣ ಇದೆ. ತರಗತಿಯ ಪಾಠದ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಆ ಹನ್ನೆರಡು ತಿಂಗಳ ಬಗ್ಗೆ ಇದೆ.

ಆ ತಿಂಗಳುಗಳಲ್ಲಿ ಕಲಿಯಬೇಕಾದದ್ದು ಏನೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ.

ಯಂತ್ರದ ಡೋಸನ್ನು ನಾವು ಅಳೆಯುವುದು ಬೆರಳಿಗಿಂತ ಸಣ್ಣದಾದ ಒಂದು ಅಯಾನ್ ಚೇಂಬರ್‌ನಿಂದ. ಅದರೊಳಗೆ ಇರುವುದು ಬರೀ ಗಾಳಿ, ಒಂದು ಘನ ಸೆಂಟಿಮೀಟರಿಗೂ ಕಡಿಮೆ. ನೀರಿನ ತೊಟ್ಟಿಯಲ್ಲಿ ನಿಗದಿತ ಆಳದಲ್ಲಿ ಅದನ್ನು ಇಟ್ಟು ವಿಕಿರಣ ಹಾಯಿಸಿದಾಗ ಆ ಗಾಳಿಯಲ್ಲಿ ಉಂಟಾಗುವ ವಿದ್ಯುದಾವೇಶವನ್ನು ಮೀಟರ್ ತೋರಿಸುತ್ತದೆ. ಚೇಂಬರ್ ತೆರೆದದ್ದಾದ್ದರಿಂದ ಒಳಗಿನ ಗಾಳಿಯ ಸಾಂದ್ರತೆ ಊರಿನ ಗಾಳಿಯದೇ ಆಗಿರುತ್ತದೆ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಹತ್ತಿರ ಹತ್ತಿರ ಶೇ 10ರಷ್ಟು ಕಡಿಮೆ. ಹೀಗಾಗಿ ಅಷ್ಟೇ ವಿಕಿರಣಕ್ಕೆ ಅದೇ ಚೇಂಬರ್ ಬೆಂಗಳೂರಿನಲ್ಲಿ ಶೇ 10ರಷ್ಟು ಕಡಿಮೆ ತೋರಿಸುತ್ತದೆ. ಹುಬ್ಬಳ್ಳಿಯಲ್ಲಿ, ಕಲಬುರಗಿಯಲ್ಲಿ ಈ ಎರಡರ ನಡುವಿನ ಬೇರೆ ಬೇರೆ ಅಂಕಿಗಳು. ವಾಯುಭಾರಮಾಪಕ ಮತ್ತು ಉಷ್ಣಮಾಪಕ ನೋಡಿ ತಿದ್ದುಪಡಿ ಗುಣಿಸಿದರೆ ಮಾತ್ರ ನಿಜವಾದ ಡೋಸ್ ಸಿಗುತ್ತದೆ.

ಸೂತ್ರ ಸರಳ. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಆದರೆ ವಿಭಾಗದ ವಾಯುಭಾರಮಾಪಕ ಕೆಟ್ಟಿರುವ ದಿನ ಹೊಸಬರು ಏನು ಮಾಡುತ್ತಾರೆ? ಮೊಬೈಲಿನಲ್ಲಿ ಹವಾಮಾನ ತೆರೆದು ಅಲ್ಲಿರುವ ಒತ್ತಡದ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಹವಾಮಾನ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ. ಬೆಂಗಳೂರಿಗೂ ಅದು 1,013 ಹೆಕ್ಟೋಪಾಸ್ಕಲ್ ಆಸುಪಾಸಿನ ಅಂಕಿಯನ್ನೇ ಕೊಡುತ್ತದೆ, ನಿಜವಾದ ಒತ್ತಡ 910ರ ಆಸುಪಾಸಿನಲ್ಲಿದ್ದರೂ. ಆ ಅಂಕಿಯನ್ನು ನಂಬಿದವರಿಗೆ ಯಂತ್ರ ಶೇ 10ರಷ್ಟು ಕಡಿಮೆ ಡೋಸ್ ಕೊಡುತ್ತಿದೆ ಎಂದು ಕಾಣುತ್ತದೆ. ಸರಿಪಡಿಸುವ ಉತ್ಸಾಹದಲ್ಲಿ ಡೋಸನ್ನು ಏರಿಸುತ್ತಾರೆ. ಮರುದಿನದಿಂದ ಆ ಕೋಣೆಗೆ ಬರುವ ಪ್ರತಿಯೊಬ್ಬ ರೋಗಿಗೂ ಶೇ 10ಕ್ಕಿಂತ ಹೆಚ್ಚು ಅಧಿಕ ವಿಕಿರಣ. ಗಂಟಲಿನ ಕ್ಯಾನ್ಸರಿಗೆ 70 ಗ್ರೇ (ಡೋಸನ್ನು ಅಳೆಯುವ ಮಾನ) ಎಂದು ಬರೆದದ್ದು 77 ದಾಟುತ್ತದೆ, ಬೆನ್ನುಹುರಿಗೆ 45ರೊಳಗೆ ಇರಲಿ ಎಂದು ಯೋಜಿಸಿದ್ದು 50ರ ಹತ್ತಿರ ಹೋಗುತ್ತದೆ. ರೋಗಿಗೆ ಆ ಕ್ಷಣದಲ್ಲಿ ಏನೂ ಗೊತ್ತಾಗುವುದಿಲ್ಲ, ವಿಕಿರಣಕ್ಕೆ ಬಣ್ಣವಿಲ್ಲ, ಬಿಸಿಯಿಲ್ಲ. ರೋಗಿಗೆ ತಲುಪುವ ಡೋಸ್ ವೈದ್ಯರು ಬರೆದದ್ದಕ್ಕಿಂತ ಶೇ 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂಬ ಅಂತರರಾಷ್ಟ್ರೀಯ ಶಿಫಾರಸು 1976ರಿಂದಲೂ ಇದೆ. ಒಂದು ತಪ್ಪು ಅಂಕಿ ಆ ಮಿತಿಯನ್ನು ಎರಡು ಪಟ್ಟು ದಾಟಿಸಿಬಿಡುತ್ತದೆ.

‘ಈ ಊರಿನಲ್ಲಿ ವಾಯುಭಾರಮಾಪಕ ಸಾವಿರ ತೋರಿಸಿದರೆ ಅನುಮಾನಪಡು’ ಎಂದು ಪಕ್ಕದಲ್ಲಿ ನಿಂತು ಹೇಳುವ ಹಿರಿಯರು ಬೇಕು. ಪುಸ್ತಕದಿಂದ ಆ ಅನುಮಾನ ಹುಟ್ಟುವುದಿಲ್ಲ. ಹತ್ತಾರು ಬಾರಿ ಅಳೆದು, ನಿನ್ನೆಯ ಅಂಕಿಯೊಡನೆ ಇಂದಿನದನ್ನು ಹೋಲಿಸಿ, ವ್ಯತ್ಯಾಸ ಬಂದಾಗ ಯಂತ್ರವನ್ನು ಮುಟ್ಟುವ ಮೊದಲು ತನ್ನ ಅಳತೆಯನ್ನೇ ಶಂಕಿಸುವ ಅಭ್ಯಾಸದಿಂದ ಅದು ಬರುತ್ತದೆ. ತರಬೇತಿ ಎಂದು ನಾನು ಕರೆಯುವುದು ಇದನ್ನು.

ಹೊರದೇಶಗಳಲ್ಲಿ ಇಂಥ ಪಾಠಗಳಿಗೆ ತೆತ್ತ ಬೆಲೆ ದಾಖಲಾಗಿದೆ. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ 1988ರಲ್ಲಿ ಕೋಬಾಲ್ಟ್ ಯಂತ್ರಕ್ಕೆ ಹೊಸ ಆಕರ, ಅಂದರೆ ವಿಕಿರಣ ಸೂಸುವ ಕೋಬಾಲ್ಟ್, ಹಾಕಿದಾಗ ಅಳತೆಯ ಲೆಕ್ಕ ತಪ್ಪಿ 207 ರೋಗಿಗಳಿಗೆ ಶೇ 25ರಷ್ಟು ಹೆಚ್ಚು ಡೋಸ್ ಹೋಯಿತು. ಕೋಸ್ಟಾರಿಕಾದ ಸಾನ್ ಹೋಸೆಯಲ್ಲಿ 1996ರಲ್ಲಿ ಹೊಸ ಆಕರದ ಲೆಕ್ಕ ಹಾಕುವಾಗ 0.3 ನಿಮಿಷವನ್ನು 30 ಸೆಕೆಂಡ್ ಎಂದು ತಿಳಿಯಲಾಯಿತು. ಅದು 18 ಸೆಕೆಂಡ್. ಶಾಲೆಯ ಹುಡುಗರ ಲೆಕ್ಕದ ಆ ತಪ್ಪು 115 ರೋಗಿಗಳನ್ನು ಮುಟ್ಟಿತು, ಹಲವರು ಅದರಿಂದಲೇ ತೀರಿಕೊಂಡರು. ಇಂಗ್ಲೆಂಡಿನದೇ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1982ರಲ್ಲಿ ಬಂದ ಹೊಸ ಕಂಪ್ಯೂಟರ್ ವ್ಯವಸ್ಥೆ ಆಕರದಿಂದ ರೋಗಿಗಿರುವ ದೂರಕ್ಕೆ ತಕ್ಕ ತಿದ್ದುಪಡಿಯನ್ನು ತಾನೇ ಮಾಡುತ್ತಿತ್ತು. ಸಿಬ್ಬಂದಿ ಹಳೆಯ ರೂಢಿಯಂತೆ ಅದನ್ನು ಕೈಯಿಂದ ಮತ್ತೊಮ್ಮೆ ಮಾಡುತ್ತಲೇ ಹೋದರು. ಒಂಬತ್ತು ವರ್ಷಗಳಲ್ಲಿ ಸುಮಾರು 1,000 ರೋಗಿಗಳಿಗೆ ಬೇಕಾದಷ್ಟು ವಿಕಿರಣ ಸಿಗಲಿಲ್ಲ. ಕಡಿಮೆ ಡೋಸ್ ಯಾರನ್ನೂ ಸುಡುವುದಿಲ್ಲ, ಹಾಗಾಗಿ ಯಾರೂ ದೂರುವುದಿಲ್ಲ. ಗಡ್ಡೆ ಮರಳಿ ಬಂದಾಗ ಅದನ್ನು ರೋಗದ ಗುಣ ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ಫ್ರಾನ್ಸಿನ ಟೂಲೂಸ್‌ನಲ್ಲಿ 2006 ಮತ್ತು 2007ರಲ್ಲಿ ಅತ್ಯಾಧುನಿಕ ಯಂತ್ರದ ಅತಿ ಸಣ್ಣ ಕಿರಣವನ್ನು ಅದಕ್ಕೆ ಹೊಂದದ ದೊಡ್ಡ ಅಳತೆ ಸಾಧನದಿಂದ ಅಳೆದು 145 ರೋಗಿಗಳಿಗೆ ಹೆಚ್ಚು ಡೋಸ್ ಕೊಡಲಾಯಿತು.

ಈ ನಾಲ್ಕರಲ್ಲೂ ಯಂತ್ರ ಕೆಟ್ಟಿರಲಿಲ್ಲ. ಹೇಳಿದ್ದನ್ನು ಅದು ಚಾಚೂತಪ್ಪದೆ ಮಾಡಿತು.

ಈಗ ನಮ್ಮ ಇಂಟರ್ನ್‌ಶಿಪ್ ಕಡೆಗೆ ಬರುತ್ತೇನೆ. ನಾನು ಬಲ್ಲ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಜಿಲ್ಲಾ ಕೇಂದ್ರದ, ತಾಲ್ಲೂಕಿನ ಕಾಲೇಜುಗಳಲ್ಲಿ ಬಿ.ಎಸ್ಸಿ. ಮಾಡಿದವರು. ಮನೆಯವರಿಗೆ ಮಗಳು ಭೌತಶಾಸ್ತ್ರ ಓದಿ ಉಪನ್ಯಾಸಕಿಯಾಗುತ್ತಾಳೆ ಎಂಬ ನಿರೀಕ್ಷೆ. ಅವಳು ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಓದಿದ ಮೇಲೆ, ಜೊತೆಯವರೆಲ್ಲ ಸಂಬಳ ತರುವ ವಯಸ್ಸಿನಲ್ಲಿ, ಇಂಟರ್ನ್‌ಶಿಪ್‌ಗೆ ಜಾಗ ಕೇಳಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾಳೆ. ಎಷ್ಟೋ ಕಡೆ ಶಿಷ್ಯವೇತನ ಇಲ್ಲ. ಕೆಲವು ಕಡೆ ಇಂಟರ್ನ್‌ಶಿಪ್‌ಗೇ ಶುಲ್ಕ ಕಟ್ಟಬೇಕು. ಅವಳು ವೈದ್ಯ ವಿದ್ಯಾರ್ಥಿಯಲ್ಲವಾದ್ದರಿಂದ ಹಾಸ್ಟೆಲ್ ಕೋಣೆಯ ಪಟ್ಟಿಯಲ್ಲಿ ಹೆಸರಿಲ್ಲ, ಸಿಬ್ಬಂದಿಯೂ ಅಲ್ಲವಾದ್ದರಿಂದ ಕ್ವಾರ್ಟರ್ಸ್ ಇಲ್ಲ. ನಮ್ಮ ಅಳತೆಯ ಕೆಲಸ ಶುರುವಾಗುವುದು ದಿನದ ಕೊನೆಯ ರೋಗಿ ಹೋದ ಮೇಲೆ. ತೊಟ್ಟಿಗೆ ನೀರು ತುಂಬಿ, ಮಟ್ಟ ನೋಡಿ, ಅಳೆದು, ಮತ್ತೆ ಅಳೆದು, ನೀರು ಖಾಲಿ ಮಾಡುವ ಹೊತ್ತಿಗೆ ರಾತ್ರಿಯಾಗುತ್ತದೆ. ಊರ ಹೊರಗಿನ ಬಾಡಿಗೆ ಕೋಣೆಗೆ ಹೋಗಬೇಕಾದ ಹುಡುಗಿ ಬಸ್ಸಿನ ಹೊತ್ತು ನೋಡುತ್ತಾ ಕೆಲಸದ ಮುಖ್ಯ ಭಾಗ ಬಿಟ್ಟು ಹೊರಡುತ್ತಾಳೆ. ಕಲಿಯುವ ಆಸೆ ಅವಳಿಗೆ ಕಡಿಮೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅದೇ ವಿಭಾಗದಲ್ಲಿ ಅದೇ ರೋಗಿಗಳಿಗಾಗಿ ದುಡಿಯುವ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗೆ ಶಿಷ್ಯವೇತನವಿದೆ, ಪಠ್ಯಕ್ರಮವಿದೆ, ಮಾರ್ಗದರ್ಶಕರಿದ್ದಾರೆ, ಕೊನೆಗೆ ಹೊರಗಿನ ಪರೀಕ್ಷಕರು ಬರುತ್ತಾರೆ. ಎಂ.ಬಿ.ಬಿ.ಎಸ್. ಇಂಟರ್ನ್‌ಗೂ ಶಿಷ್ಯವೇತನ ಸಿಗುತ್ತದೆ, ಸಿಗಬೇಕಾದದ್ದೇ. ಭೌತವಿಜ್ಞಾನದ ಇಂಟರ್ನ್‌ಗೆ ವರ್ಷದ ಕೊನೆಗೆ ಸಿಗುವುದು ಒಂದು ಪ್ರಮಾಣಪತ್ರ. ಹನ್ನೆರಡು ತಿಂಗಳು ಹಾಜರಿದ್ದರು ಎಂದು ಅದು ಹೇಳುತ್ತದೆ. ಕೋಬಾಲ್ಟ್ ಆಕರ ಬದಲಾದ ದಿನ ಅವರು ಅಲ್ಲಿದ್ದರೇ, ಹೊಸ ಲಿನಾಕ್ (ವಿದ್ಯುತ್ತಿನಿಂದ ವಿಕಿರಣ ಹುಟ್ಟಿಸುವ ಚಿಕಿತ್ಸಾ ಯಂತ್ರ) ಅಳವಡಿಸುವಾಗ ವಾರಗಟ್ಟಲೆ ನಡೆಯುವ ಅಳತೆಯಲ್ಲಿ ಕೈ ಹಾಕಿದ್ದರೇ, ಗರ್ಭಕಂಠದ ಕ್ಯಾನ್ಸರಿನ ಒಳವಿಕಿರಣ ಚಿಕಿತ್ಸೆಗೆ (ಆಕರವನ್ನು ದೇಹದೊಳಗೇ ಇಟ್ಟು ಕೊಡುವ ಚಿಕಿತ್ಸೆ) ಬಳಸುವ ಇರಿಡಿಯಂ ಆಕರವನ್ನು ತಾವೇ ಅಳೆದು ತಯಾರಕರ ಅಂಕಿಯೊಡನೆ ಹೋಲಿಸಿದ್ದರೇ ಎಂಬುದನ್ನು ಅದು ಹೇಳುವುದಿಲ್ಲ. ಇರಿಡಿಯಂನ ಅರ್ಧಾಯುಷ್ಯ 74 ದಿನ, ದಿನಕ್ಕೆ ಸುಮಾರು ಶೇ 1ರಷ್ಟು ಕ್ಷೀಣಿಸುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಆಕರ ಬದಲಾಗುತ್ತದೆ. ಕಲಿಸುವ ಮನಸ್ಸಿದ್ದರೆ ವರ್ಷದಲ್ಲಿ ಅಂಥ ಅವಕಾಶ ಹಲವು ಬಾರಿ ಬರುತ್ತದೆ. ಇಂಟರ್ನ್‌ಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಇಡೀ ವರ್ಷ ಪ್ಲಾನಿಂಗ್, ಅಂದರೆ ರೋಗಿಗಳ ಚಿಕಿತ್ಸೆಯ ಯೋಜನೆ, ಮಾತ್ರ ಮಾಡಿಸುವ ವಿಭಾಗಗಳಲ್ಲಿ ಆ ಅವಕಾಶ ಕಣ್ಣೆದುರೇ ಹೋಗಿಬಿಡುತ್ತದೆ.

ಬೇರೆಡೆ ಏನು ಮಾಡಿದ್ದಾರೆ ಎಂದು ನೋಡಬಹುದು. ಬ್ರಿಟನ್ನಿನಲ್ಲಿ ಮೂರು ವರ್ಷದ ತರಬೇತಿ, ತರಬೇತಿದಾರರು ಸರ್ಕಾರಿ ಆರೋಗ್ಯ ಸೇವೆಯ ಸಂಬಳದ ನೌಕರರು. ಅಮೆರಿಕದಲ್ಲಿ ವೃತ್ತಿಯ ಬೋರ್ಡ್ ಪ್ರಮಾಣಪತ್ರಕ್ಕೆ 2014ರಿಂದ ಮಾನ್ಯತೆ ಪಡೆದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ಇದ್ದು ಪಡೆಯುವ ಕ್ರಮಬದ್ಧ ತರಬೇತಿ, ಸಾಮಾನ್ಯವಾಗಿ ಬೇಕೇ ಬೇಕು. ಅವು ಶ್ರೀಮಂತ ದೇಶಗಳು ಎನ್ನಬಹುದು, ಸರಿ. ಆದರೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2009ರಲ್ಲಿ ಪ್ರಕಟಿಸಿದ ತರಬೇತಿ ಕೈಪಿಡಿ ರೂಪುಗೊಂಡದ್ದು ಏಷ್ಯಾ-ಪೆಸಿಫಿಕ್ ವಲಯದ ದೇಶಗಳ ಸಹಕಾರ ಯೋಜನೆಯಲ್ಲಿ. ಥಾಯ್ಲೆಂಡ್ ಅದನ್ನು ಬಳಸಿಕೊಂಡಿದೆ. ಪ್ರತಿ ಕೌಶಲವನ್ನೂ ಹಂತ ಹಂತವಾಗಿ ಬರೆದು, ‘ನೋಡಿದ್ದಾನೆ’, ‘ಜೊತೆಗೆ ಮಾಡಿದ್ದಾನೆ’, ‘ಒಬ್ಬನೇ ಮಾಡಬಲ್ಲ’ ಎಂಬಂಥ ಮಟ್ಟಗಳಲ್ಲಿ ಹಿರಿಯರು ಗುರುತು ಹಾಕುವ ಕ್ರಮ ಅದರಲ್ಲಿದೆ. ಅದೇ ಸಂಸ್ಥೆ 2013ರಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಕನಿಷ್ಠ ಎರಡು ವರ್ಷದ ಕ್ರಮಬದ್ಧ ಆಸ್ಪತ್ರೆ ತರಬೇತಿ ಬೇಕೆಂದು ಹೇಳಿತು. ನಾವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ.

ಎಇಆರ್‌ಬಿ ಕೇಂದ್ರದ ಸಂಸ್ಥೆ, ಅದರ ನಿಯಮ ರಾಜ್ಯದ ಕೈಯಲ್ಲಿಲ್ಲ ಎಂಬ ಉತ್ತರ ನನಗೆ ಗೊತ್ತು. ನಿಯಮ ಹೇಳುವುದು ಕನಿಷ್ಠ ಮಿತಿಯನ್ನು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಲಿಸಬೇಡಿ ಎಂದಾಗಲಿ, ಕಲಿಯುವವರಿಗೆ ಹಣ ಕೊಡಬೇಡಿ ಎಂದಾಗಲಿ ಅದು ಹೇಳುವುದಿಲ್ಲ. ಆರೋಗ್ಯ ವಿಶ್ವವಿದ್ಯಾಲಯ ರಾಜ್ಯದ್ದು, ಕಿದ್ವಾಯಿ ರಾಜ್ಯದ್ದು, ಸರ್ಕಾರಿ ವೈದ್ಯಕೀಯ ಕಾಲೇಜುಗಳು ರಾಜ್ಯದವು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ವೈದ್ಯಕೀಯ ಭೌತವಿಜ್ಞಾನಿಯ ಹೆಸರಿದೆ, ರಾಜ್ಯ ಪರಿಷತ್ತುಗಳಿಗೂ ಅದರಲ್ಲಿ ಪಾತ್ರವಿದೆ. ಮನಸ್ಸು ಮಾಡಿದರೆ ಕರ್ನಾಟಕವೇ ಮೊದಲು ಮಾಡಬಹುದು.

ನಾನು ಕೇಳುತ್ತಿರುವುದು ಇದು. ಕಿದ್ವಾಯಿಯಲ್ಲಿ ಮತ್ತು ವಿಕಿರಣ ಚಿಕಿತ್ಸಾ ವಿಭಾಗ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯಕೀಯ ಭೌತವಿಜ್ಞಾನದ ರೆಸಿಡೆಂಟ್ ಹುದ್ದೆಗಳನ್ನು ಮಂಜೂರು ಮಾಡಿ. ಅವಧಿ ಎರಡು ವರ್ಷ ಇರಲಿ, ಕಡ್ಡಾಯ ಇಂಟರ್ನ್‌ಶಿಪ್ ಅದರ ಮೊದಲ ವರ್ಷವಾಗಲಿ. ಶಿಷ್ಯವೇತನ ವಿಕಿರಣ ಚಿಕಿತ್ಸೆಯ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಯದಕ್ಕೆ ಹತ್ತಿರ ಇರಲಿ, ಹಾಸ್ಟೆಲ್ ಸಿಗಲಿ. ಒಂದೇ ಆಸ್ಪತ್ರೆಯಲ್ಲಿ ಎಲ್ಲವೂ ಇರುವುದಿಲ್ಲವಾದ್ದರಿಂದ ಅವರನ್ನು ತಿರುಗಿಸಿ: ಕೋಬಾಲ್ಟ್ ಇರುವಲ್ಲಿ ಸ್ವಲ್ಪ ಕಾಲ, ಒಳವಿಕಿರಣ ಹೆಚ್ಚು ನಡೆಯುವಲ್ಲಿ ಸ್ವಲ್ಪ ಕಾಲ, ಹೊಸ ಯಂತ್ರ ಬರುವ ಊರಿಗೆ ಅದು ಬರುವ ಹೊತ್ತಿಗೆ. ಸಿ.ಟಿ. ಮತ್ತು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಲ್ಲಿ ಕೆಲವು ವಾರಗಳಾದರೂ ಇರಲಿ, ಅಲ್ಲಿನ ವಿಕಿರಣವೂ ರೋಗಿಯ ಮೈಮೇಲೆಯೇ ಬೀಳುವುದು. ಮಾಡಿದ ಕೆಲಸಕ್ಕೆ ಲಾಗ್‌ಬುಕ್ ಇರಲಿ. ಕೊನೆಗೆ ವಿಶ್ವವಿದ್ಯಾಲಯ ಪ್ರಾಯೋಗಿಕ ಪರೀಕ್ಷೆ ನಡೆಸಲಿ, ಪರೀಕ್ಷಕರು ಹೊರಗಿನಿಂದ ಬರಲಿ, ಅಭ್ಯರ್ಥಿ ಅವರ ಮುಂದೆ ಖುದ್ದಾಗಿ ಕಿರಣವನ್ನು ಅಳೆದು ತೋರಿಸಲಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಇದೆ. ಕಲಿಸುವವರಿಗೆ ಸಮಯ ಕೊಡಿ. ಹಿರಿಯ ಭೌತವಿಜ್ಞಾನಿಗಳು ಬೆಳಗಿನಿಂದ ರಾತ್ರಿಯವರೆಗೆ ರೋಗಿಗಳ ಪ್ಲಾನ್‌ಗಳಲ್ಲಿ ಮುಳುಗಿರುತ್ತಾರೆ. ಇಬ್ಬರು ಮಾಡಬೇಕಾದ ಕೆಲಸ ಒಬ್ಬರ ಮೇಲಿರುವಾಗ ಇಂಟರ್ನ್ ಅವರಿಗೆ ಎರಡನೆಯ ಜೋಡಿ ಕೈಯಾಗಿ ಕಾಣುವುದು ಸಹಜ. ಅವರನ್ನು ದೂರಿ ಪ್ರಯೋಜನವಿಲ್ಲ. ಖಾಲಿ ಇರುವ ಹುದ್ದೆಗಳನ್ನು ತುಂಬಿ, ಪ್ರತಿ ತರಬೇತಿ ಕೇಂದ್ರದಲ್ಲೂ ಒಬ್ಬ ಹಿರಿಯರ ವಾರದ ಕೆಲಸದಲ್ಲಿ ಕಲಿಸುವ ಗಂಟೆಗಳನ್ನು ಆದೇಶದಲ್ಲೇ ಬರೆದು ಕೊಡಿ. ಇಲ್ಲದಿದ್ದರೆ ಎರಡು ವರ್ಷದ ರೆಸಿಡೆನ್ಸಿ ಎಂದರೆ ಈಗಿನ ಒಂದು ವರ್ಷದ ದುಡಿಮೆ ಎರಡು ವರ್ಷಕ್ಕೆ ಬೆಳೆದಂತಾಗುತ್ತದೆ, ಅಷ್ಟೇ.

ತರಬೇತಿ ಕೊಟ್ಟರೆ ಇವರೆಲ್ಲ ಕೊಲ್ಲಿ ದೇಶಗಳಿಗೋ ಖಾಸಗಿ ಆಸ್ಪತ್ರೆಗಳಿಗೋ ಹೋಗಿಬಿಡುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಕೆಲವರು ಹೋಗುತ್ತಾರೆ. ಖಾಸಗಿ ಆಸ್ಪತ್ರೆಗೆ ಹೋದವರೂ ಇದೇ ರಾಜ್ಯದ ರೋಗಿಗಳ ಡೋಸನ್ನೇ ಅಳೆಯುತ್ತಾರೆ, ಅದನ್ನು ನಷ್ಟ ಎಂದು ನಾನು ಎಣಿಸುವುದಿಲ್ಲ. ಸರ್ಕಾರದ ಹಣದಲ್ಲಿ ಕಲಿತವರು ಒಂದೆರಡು ವರ್ಷ ಜಿಲ್ಲಾ ಕೇಂದ್ರದಲ್ಲಿ ಕೆಲಸ ಮಾಡಬೇಕು ಎಂಬ ಷರತ್ತು ಹಾಕುವುದಾದರೆ ಅದೂ ನ್ಯಾಯವೇ. ಆದರೆ ಅಂಥ ಷರತ್ತು ಹಾಕುವ ಹಕ್ಕು ಬರಬೇಕಾದರೆ ಮೊದಲು ಹಣ ಕೊಟ್ಟು ಕಲಿಸಿರಬೇಕು. ಈಗ ಏನೂ ಕೊಡದೆ, ಉಳಿಯಲಿಲ್ಲ ಎಂದು ಬೇಸರಪಡುತ್ತಿದ್ದೇವೆ.

ಹಣದ ಪ್ರಶ್ನೆಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಲಿನಾಕ್‌ನ ಬೆಲೆ ಕೋಟಿಗಟ್ಟಲೆ. ಅದರ ವಾರ್ಷಿಕ ನಿರ್ವಹಣಾ ಗುತ್ತಿಗೆಯ ಮೊತ್ತವನ್ನು ಇಲಾಖೆಯ ಕಡತದಲ್ಲಿ ತೆಗೆದು, ಅದರ ಪಕ್ಕದಲ್ಲಿ ನಾಲ್ಕು ರೆಸಿಡೆಂಟ್‌ಗಳ ವರ್ಷದ ಶಿಷ್ಯವೇತನವನ್ನು ಬರೆದು ನೋಡಿ. ಯಂತ್ರ ಕೊಳ್ಳುವ ಪ್ರತಿ ಪ್ರಸ್ತಾವದಲ್ಲಿಯೂ ತರಬೇತಿ ಹುದ್ದೆಗಳ ವೆಚ್ಚ ಕಡ್ಡಾಯವಾಗಿ ಸೇರಿರಬೇಕು ಎಂಬ ಒಂದು ಸಾಲಿನ ಸುತ್ತೋಲೆ ಸಾಕು. ಟೆಂಡರಿನಿಂದ ಮೊದಲ ರೋಗಿಯವರೆಗೆ ಹೇಗೂ ಬಹಳ ತಿಂಗಳು ಹಿಡಿಯುತ್ತದೆ. ಬಂಕರಿನ ಗೋಡೆ ಏಳುವ ಹೊತ್ತಿಗೆ ಅಲ್ಲಿ ಕೆಲಸ ಮಾಡುವವರ ತರಬೇತಿಯೂ ಶುರುವಾಗಲಿ.

ಮುಂದಿನ ಬಜೆಟ್ ತಯಾರಿಗೆ ಮುನ್ನ ವಿಶ್ವವಿದ್ಯಾಲಯ, ಕಿದ್ವಾಯಿ, ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳ ಹಿರಿಯ ಭೌತವಿಜ್ಞಾನಿಗಳು ಮತ್ತು ಈಗ ಇಂಟರ್ನ್‌ಶಿಪ್ ಮಾಡುತ್ತಿರುವ ಇಬ್ಬರು ಮೂವರನ್ನು ಒಂದೇ ಸಭೆಗೆ ಕರೆಯಿರಿ. ಇಂಟರ್ನ್‌ಗಳ ಮಾತನ್ನು ಮೊದಲು ಕೇಳಿ. ಪಠ್ಯಕ್ರಮದ ಕರಡು, ತಿರುಗಾಟದ ವೇಳಾಪಟ್ಟಿ, ಲಾಗ್‌ಬುಕ್‌ನ ನಮೂನೆ, ಇವನ್ನು ಬರೆದುಕೊಡಲು ನನ್ನಂಥವರು ಸಿದ್ಧರಿದ್ದೇವೆ. ನಮಗೆ ಬೇಕಿರುವುದು ಮಂಜೂರಾತಿ ಆದೇಶ.

ಇಂತಿ,
ವಿಶ್ವಾಸದಿಂದ,
ರಾಜ್ಯದ ಒಬ್ಬ ವೈದ್ಯಕೀಯ ಭೌತವಿಜ್ಞಾನಿ